ಪಾರ್ಕಿನಲ್ಲಿ ಮೂರು ಅಧ್ಯಾಯ

ಗಣಿತದಲ್ಲಿ ಈಗ ಎಲ್ಲವನ್ನೂ ಬೆರೆಸಬೇಕಂತೆ. ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಕಲಿಸಬೇಡಿ, ಸೇರಿಸಿ ಚಟುವಟಿಕೆ ಕೊಡಿ ಅಂತ ತರಬೇತಿಯಲ್ಲಿ ಹೇಳಿ ಕಳಿಸುತ್ತಾರೆ. ಸಿಬಿಎಸ್‌ಇ ಹತ್ತನೇ ತರಗತಿ ಪತ್ರಿಕೆಯ ಕೊನೆಗೆ 4 ಅಂಕದ ಮೂರು ಕೇಸ್ ಸ್ಟಡಿ (ಒಂದು ಸನ್ನಿವೇಶ ಕೊಟ್ಟು ಅದರ ಮೇಲೆ ಕೇಳುವ ಪ್ರಶ್ನೆ) ಬಂದ ಮೇಲಂತೂ ಗೈಡ್ ಬರೆಯುವವರಿಗೆ ಹಬ್ಬ.

ಹೇಗೆ ಬೆರೆಸುತ್ತಾರೆ ನೋಡಿ. ಪರಿಸರ ದಿನ. ರಾಜು ಅಂತ ಒಬ್ಬ ಪುಣ್ಯಾತ್ಮ. 7 ಮೀಟರ್ ತ್ರಿಜ್ಯದ ದುಂಡನೆಯ ಪಾರ್ಕು (ಯಾವಾಗಲೂ 7ರ ಮಗ್ಗಿಯೇ, 22/7 ಕೈಕೊಡಬಾರದಲ್ಲ). ಮೊದಲ ಸಾಲಿಗೆ 3 ಗಿಡ, ಆಮೇಲೆ 5, ಆಮೇಲೆ 7, ಹೀಗೆ ಹತ್ತು ಸಾಲಿಗೆ ಒಟ್ಟು ಎಷ್ಟು ಗಿಡ? ಪಾರ್ಕಿನ ವಿಸ್ತೀರ್ಣ ಎಷ್ಟು? ರಾಜು ಕಣ್ಣು ಮುಚ್ಚಿಕೊಂಡು ಒಂದು ಗಿಡ ಕಿತ್ತರೆ ಅದು ಬೇವಾಗಿರುವ ಸಂಭವನೀಯತೆ ಎಷ್ಟು? ಈಗಷ್ಟೇ ನೆಟ್ಟದ್ದನ್ನು ಯಾಕೆ ಕಿತ್ತ ಅಂತ ಮಾತ್ರ ಕೇಳಬೇಡಿ, ಅದಕ್ಕೆ ಅಂಕ ಇಲ್ಲ.

ಶ್ರೇಢಿ, ವೃತ್ತ, ಸಂಭವನೀಯತೆ, ಮೂರೂ ಬಸ್ಸಿನ ಒಂದೇ ಸೀಟಿನಲ್ಲಿ ಕೂತ ಅಪರಿಚಿತರ ಹಾಗೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಸ್ವಲ್ಪ ಮಾತಾಡಿಸಿದ್ದರೆ 120 ಗಿಡಕ್ಕೆ ಸಿಗುವುದು ಬರೀ 154 ಚದರ ಮೀಟರ್, ಅಂದರೆ ಒಂದು ಬೇವಿನ ಮರಕ್ಕೆ ಒಂದು ಮಂಚದಷ್ಟೂ ಜಾಗ ಇಲ್ಲ ಅಂತ ಯಾರಿಗಾದರೂ ಹೊಳೆಯುತ್ತಿತ್ತು. ಆ ಪ್ರಶ್ನೆ ಪತ್ರಿಕೆಯಲ್ಲಿ ಇಲ್ಲ.

ನಿಜವಾಗಿ ಬೆರೆಸುವುದು ಅಷ್ಟೇನೂ ಕಷ್ಟವಲ್ಲ. ಎರಡು ದಾಳ ಹಾಕಿ. ಎಕ್ಸ್ ಸ್ಕ್ವೇರ್ ಪ್ಲಸ್ ಬಿ ಎಕ್ಸ್ ಪ್ಲಸ್ ಸಿ ಈಕ್ವಲ್ ಟು ಸೊನ್ನೆ, ಇದರಲ್ಲಿ ಮೊದಲ ದಾಳದ್ದು ಬಿ, ಎರಡನೆಯದ್ದು ಸಿ. ಮೂಲಗಳು ವಾಸ್ತವ ಸಂಖ್ಯೆ ಆಗುವ ಸಂಭವನೀಯತೆ ಎಷ್ಟು? ಅದಕ್ಕೆ ಶೋಧಕ, ಅಂದರೆ ಬಿ ಸ್ಕ್ವೇರ್ ಮೈನಸ್ 4 ಸಿ, ಸೊನ್ನೆಗಿಂತ ಕಡಿಮೆ ಆಗಬಾರದು. ಬಿಗೆ 1 ಬಿದ್ದರೆ ಕತೆ ಮುಗಿಯಿತು. 5 ಅಥವಾ 6 ಬಿದ್ದರೆ ಸಿ ಏನೇ ಬೀಳಲಿ, ಚಿಂತೆಯಿಲ್ಲ. ಎಣಿಸುತ್ತಾ ಹೋದರೆ 36ರಲ್ಲಿ 19. ಶೋಧಕ ಗೊತ್ತಿಲ್ಲದೆ ಎಣಿಸಲಾಗದು, ಎಣಿಸದೆ ಉತ್ತರ ಸಿಗದು. ಚೆನ್ನಾಗಿದೆ ಅಲ್ವಾ?

ಆದರೆ ಪ್ರಶ್ನೆ ಪತ್ರಿಕೆಯ ನೀಲನಕ್ಷೆ ಇದನ್ನು ಒಪ್ಪಬೇಕಲ್ಲ! ಎಸ್‌ಎಸ್‌ಎಲ್‌ಸಿಯ 80 ಅಂಕವನ್ನು ಅಧ್ಯಾಯವಾರು ಹಂಚಿ ಆಗಿದೆ. ಈ ಅಂಕವನ್ನು ವರ್ಗ ಸಮೀಕರಣದ ಕಾಲಂಗೆ ಬರೆಯುವುದೋ, ಸಂಭವನೀಯತೆಯ ಕಾಲಂಗೋ? ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಡುವ ಪಾಸಿಂಗ್ ಪ್ಯಾಕೇಜ್‌ನಲ್ಲೂ ಎರಡಕ್ಕೂ ಪುಟ ಬೇರೆ ಬೇರೆ. ಕೊನೆಗೆ ಮೇಷ್ಟ್ರುಗಳು ಕೂತು ಯೋಚಿಸಿ ದಾರಿ ಹುಡುಕುತ್ತಾರೆ: ದಾಳ ಹಾಕಿದಾಗ 6 ಬೀಳುವ ಸಂಭವನೀಯತೆ ಎಷ್ಟು, 1 ಅಂಕ. ಶೋಧಕದ ಸೂತ್ರ ಬರೆಯಿರಿ, 1 ಅಂಕ. ಕಾಲಂ ತಾಳೆಯಾಯಿತು.