ಆಷಾಢದ ಯೂನಿಟ್ಟು, ಮಾರ್ಚ್ ತಿಂಗಳ ಯೂನಿಟ್ಟು

ನಮ್ಮೂರು ಚಿತ್ರದುರ್ಗದ ಹತ್ತಿರ. ಗುಡ್ಡದ ಮೇಲೆ ಸಾಲಾಗಿ ಗಾಳಿ ಫ್ಯಾನುಗಳಿವೆ. ಕಳೆದ ಬಾರಿ ಊರಿಗೆ ಹೋದಾಗ ಅಪ್ಪ ಕೇಳಿದರು: "ಅಲ್ಲಮ್ಮ, ಫ್ಯಾನು ನಮ್ಮ ಗುಡ್ಡದ ಮೇಲೆ ತಿರುಗ್ತೈತೆ. ಕರೆಂಟು ನಿಮ್ಮ ಆಫೀಸಿಗಂತೆ. ನಮ್ಮ ಮೋಟ್ರಿಗೆ ರಾತ್ರಿ ಎರಡು ಗಂಟೆಗೆ ಕೊಡ್ತಾರೆ. ಇದ್ಯಾವ ಕಾನೂನು?"

ಆ ಕಾನೂನೇ ನನ್ನ ಕೆಲಸ. ನಾನು ಬೆಂಗಳೂರಿನ ಒಂದು ಟೆಕ್ ಕಂಪನಿಯ ಒಳಗೇ ಇರುವ ವಕೀಲೆ. ನಮ್ಮ ಕಟ್ಟಡಗಳಿಗೆ, ಡೇಟಾ ಸೆಂಟರಿಗೆ ಕರೆಂಟು ಎಲ್ಲಿಂದ ಬರಬೇಕು, ಅದಕ್ಕೆ ಯಾವ್ಯಾವ ಶುಲ್ಕ ಕಟ್ಟಬೇಕು ಅಂತ ನೋಡಿಕೊಳ್ಳುತ್ತೇನೆ. ಅಪ್ಪನ ಮೋಟಾರೂ ನಮ್ಮ ಕಂಪನಿಯೂ ಇಬ್ಬರೂ ಬೆಸ್ಕಾಂ ಗ್ರಾಹಕರೇ. ಇದು ನನಗೆ ಹೊಳೆದದ್ದು ಕೆಲಸಕ್ಕೆ ಸೇರಿ ಎಷ್ಟೋ ದಿನದ ಮೇಲೆ.

2003ರ ವಿದ್ಯುತ್ ಕಾಯ್ದೆ ಬಂದಮೇಲೆ ದೊಡ್ಡ ಗ್ರಾಹಕರು ಉತ್ಪಾದಕರಿಂದ ನೇರವಾಗಿ ಕರೆಂಟು ಕೊಳ್ಳಬಹುದು. ಇದಕ್ಕೆ ಓಪನ್ ಆಕ್ಸೆಸ್ ಅನ್ನುತ್ತಾರೆ. ತಂತಿ ಮಾತ್ರ ರಾಜ್ಯದ ವಿದ್ಯುತ್ ಪ್ರಸರಣ ಕಂಪನಿ ಕೆಪಿಟಿಸಿಎಲ್ ಮತ್ತು ಬೆಸ್ಕಾಂನದ್ದು, ಅದಕ್ಕೆ ಬಾಡಿಗೆ ಕೊಡಬೇಕು. ಅದರ ಮೇಲೆ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್. ನಮ್ಮ ಫೈನಾನ್ಸ್‌ನವರಿಗೆ ಕಂಡರಾಗದ ಪದ ಇದು. ಆದರೆ ಇದು ಸುಮ್ನೆ ಹಾಕಿದ ದಂಡವಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಉಚಿತ. ಆ ಹೊರೆಯಲ್ಲಿ ದೊಡ್ಡ ಪಾಲು ಸರ್ಕಾರದ್ದು. ಇನ್ನೊಂದು ಪಾಲು ನಮ್ಮಂಥ ಗ್ರಾಹಕರು ಕಟ್ಟುವ ಹೆಚ್ಚಿನ ದರದಿಂದ ಬರುತ್ತದೆ. ನಾವು ಬಿಟ್ಟು ಹೋದರೆ ಆಗುವ ಕೊರತೆ ತುಂಬಲು ಸರ್‌ಚಾರ್ಜ್.

ಗ್ರೂಪ್ ಕ್ಯಾಪ್ಟಿವ್, ಅಂದರೆ ಕೆಲವು ಗ್ರಾಹಕರು ಸೇರಿ ತಮ್ಮ ಬಳಕೆಗೇ ದುಡ್ಡು ಹಾಕಿದ ಸ್ಥಾವರ ಆದರೆ ಆ ಸರ್‌ಚಾರ್ಜ್ ಇಲ್ಲ. ಬಳಸುವವರೆಲ್ಲ ಸೇರಿ ಸ್ಥಾವರದಲ್ಲಿ ಕನಿಷ್ಠ 26% ಪಾಲು ಹೊಂದಿರಬೇಕು, ವರ್ಷಕ್ಕೆ ಅದರ ಕರೆಂಟಿನಲ್ಲಿ ಕನಿಷ್ಠ 51% ಬಳಸಬೇಕು. ತಪ್ಪಿದರೆ ಇಡೀ ವರ್ಷದ ಸರ್‌ಚಾರ್ಜ್ ಬೀಳುತ್ತದೆ. ಮಾರ್ಚ್ ಬಂತೆಂದರೆ ನನಗೆ ಈ ಲೆಕ್ಕದ್ದೇ ಚಿಂತೆ. ಈ ರಿಯಾಯಿತಿ ಪಡೆಯುವುದು ತಪ್ಪು ಅಂತ ನನಗೆ ಅನಿಸುವುದಿಲ್ಲ. ದುಡ್ಡು ಹಾಕಿ ಹೊಸ ಸ್ಥಾವರ ಕಟ್ಟಲಿ ಅಂತಲೇ ಕಾಯ್ದೆ ಕೊಟ್ಟ ದಾರಿ ಅದು.

ನನ್ನ ತಕರಾರಿರುವುದು ಬ್ಯಾಂಕಿಂಗ್ ಬಗ್ಗೆ. ಆಷಾಢದಲ್ಲಿ ನಮ್ಮ ಕಡೆ ಗಾಳಿ ಹೇಗೆ ಬೀಸುತ್ತದೆ ಅಂತ ಗೊತ್ತಲ್ವಾ? ಫ್ಯಾನುಗಳು ಹಗಲು ರಾತ್ರಿ ತಿರುಗುತ್ತವೆ. ನಾವು ಬಳಸಿ ಮಿಕ್ಕ ಯೂನಿಟ್ಟು ಬೆಸ್ಕಾಂ ಲೆಕ್ಕದಲ್ಲಿ ಜಮಾ ಆಗುತ್ತದೆ, ಬೇಕಾದಾಗ ವಾಪಸ್ ತೆಗೆದುಕೊಳ್ಳುತ್ತೇವೆ. ನಮ್ಮ ರಾಜ್ಯದಲ್ಲಿ ಬಹಳ ಕಾಲ ಇದು ವರ್ಷಪೂರ್ತಿ ನಡೆಯುತ್ತಿತ್ತು. ಶುಲ್ಕ ಬರೀ 2%. ಆದರೆ ಕರೆಂಟನ್ನು ಕಣಜದಲ್ಲಿ ತುಂಬಿಡಲು ಆಗುವುದಿಲ್ಲ. ನಾವು ಕೊಟ್ಟದ್ದು ಆ ಕ್ಷಣವೇ ಯಾರದೋ ಮನೆಯಲ್ಲಿ ಉರಿದು ಹೋಗಿರುತ್ತದೆ. ಅದೂ ಮಳೆಗಾಲದಲ್ಲಿ, ಬೇಡಿಕೆ ಕಡಿಮೆ ಇರುವಾಗ. ಮಾರ್ಚಿನಲ್ಲಿ ನಾವು ವಾಪಸ್ ಕೇಳುವಾಗ ಬೋರ್‌ವೆಲ್‌ಗಳೆಲ್ಲ ಓಡುತ್ತಿರುತ್ತವೆ, ಮನೆಮನೆಯಲ್ಲಿ ಫ್ಯಾನು, ಎಸಿ. ಬೆಸ್ಕಾಂ ಜಾಸ್ತಿ ಬೆಲೆ ಕೊಟ್ಟು ಹೊರಗಿನಿಂದ ತರಬೇಕು. ಎರಡೂ ಒಂದೊಂದು ಯೂನಿಟ್ಟೇ. ಬೆಲೆ ಮಾತ್ರ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಕೊನೆಗೆ ಉಳಿದ ಗ್ರಾಹಕರು ಹೊರುತ್ತಾರೆ.

2022ರ ಕೇಂದ್ರದ ಹಸಿರು ಓಪನ್ ಆಕ್ಸೆಸ್ ನಿಯಮಗಳಲ್ಲಿ ಬ್ಯಾಂಕಿಂಗ್ ತಿಂಗಳ ಲೆಕ್ಕಕ್ಕೆ ಬಂತು. ಓಪನ್ ಆಕ್ಸೆಸ್ ಪಡೆಯಲು ಗ್ರಾಹಕರಿಗೆ ಇರಬೇಕಾದ ಕನಿಷ್ಠ ಬೇಡಿಕೆಯ ಮಿತಿ 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಯಿತು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮಗಳನ್ನೇ ರದ್ದು ಮಾಡಿತು. ಇದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ (ಕೆಇಆರ್‌ಸಿ) ಅಧಿಕಾರ, ಕೇಂದ್ರದ್ದಲ್ಲ ಅಂದಿತು. ಕಾನೂನಿನ ದೃಷ್ಟಿಯಿಂದ ಅದು ಸರಿ ಅಂತಲೇ ನನಗನಿಸುತ್ತದೆ. ಆದರೆ 25 ವರ್ಷ ತಿರುಗಬೇಕಾದ ಯಂತ್ರಕ್ಕೆ ದುಡ್ಡು ಹಾಕುವವರು ಎರಡೆರಡು ವರ್ಷಕ್ಕೆ ಲೆಕ್ಕ ತಿರುಗಿ ಬರೆಯುತ್ತಾ ಕೂರಲು ಆಗುತ್ತದಾ? ನಿಯಮ ಬಿಗಿಯಾಗಿದ್ದರೂ ಪರವಾಗಿಲ್ಲ, ಸ್ಥಾವರ ಶುರುವಾದ ದಿನ ಇದ್ದದ್ದು ಅದರ ಆಯುಷ್ಯ ಪೂರ್ತಿ ಇರಲಿ. ಆಯೋಗದ ಮುಂದೆ ನಮ್ಮಂಥವರು ಕೇಳಬೇಕಾದ್ದು ಇದನ್ನೇ ಹೊರತು ಪುಕ್ಕಟೆ ಬ್ಯಾಂಕಿಂಗ್ ಅಲ್ಲ.

ಹಾಗೇ ಕಂಪನಿಗಳು "ನಾವು 100% ಹಸಿರು" ಅನ್ನುವ ಮೊದಲು ಯಾವ ಗಂಟೆಯಲ್ಲಿ ಅಂತ ಹೇಳಬೇಕು. ವರ್ಷದ ಒಟ್ಟು ಲೆಕ್ಕದಲ್ಲಿ ಹಸಿರಾಗುವುದು ಸುಲಭ. ಡೇಟಾ ಸೆಂಟರ್ ರಾತ್ರಿಯೂ ಓಡುತ್ತದೆ, ಪಾವಗಡದ ಸೋಲಾರ್ ಸಂಜೆಗೇ ನಿಲ್ಲುತ್ತದೆ. ಗೂಗಲ್ 2020ರಲ್ಲೇ ಗಂಟೆ ಗಂಟೆಯ ಲೆಕ್ಕದ ಗುರಿ ಇಟ್ಟುಕೊಂಡಿತು, 2030ಕ್ಕೆ ಮುಟ್ಟುತ್ತೇವೆ ಅಂದಿತು. ಮುಟ್ಟುತ್ತದೋ ಇಲ್ಲವೋ, ಕೇಳಿಕೊಂಡ ಪ್ರಶ್ನೆ ಸರಿಯಾದದ್ದು. ನಮ್ಮ ಮ್ಯಾನೇಜ್‌ಮೆಂಟಿಗೆ ನಾನು ಕೊಡುವ ಟಿಪ್ಪಣಿಯಲ್ಲಿ ಈಗ ಹಗಲಿನ ಲೆಕ್ಕ ಬೇರೆ, ರಾತ್ರಿಯ ಲೆಕ್ಕ ಬೇರೆ ಇರುತ್ತದೆ. ರಾತ್ರಿಯ ಲೆಕ್ಕ ನೋಡಿದ ದಿನ ಮೀಟಿಂಗ್ ಸ್ವಲ್ಪ ಹೊತ್ತು ಸುಮ್ಮನಾಗಿತ್ತು.

ಬೆಸ್ಕಾಂ ದರದ ಬಗ್ಗೆ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಕೊಡಬಹುದು, ಮಾತಾಡಬಹುದು. ಮುಂದಿನ ವಿಚಾರಣೆಗೆ ಅಪ್ಪನನ್ನೂ ಕರೆದಿದ್ದೇನೆ. ಅವರು ಅಂದರು: "ಆ ವಾರ ಕರೆಂಟು ಹಗಲು ಪಾಳಿ ಇದ್ರೆ ಬರಕ್ಕಾಗಲ್ಲಮ್ಮ, ತೋಟಕ್ಕೆ ನೀರು ಬಿಡ್ಬೇಕು. ರಾತ್ರಿ ಪಾಳಿ ಇದ್ರೆ ಬರ್ತೀನಿ."