ಐದು ನಿಮಿಷದ ಗುಡ್ಡ

ಹೋದ ಮೇ ತಿಂಗಳ ಒಂದು ಮಧ್ಯಾಹ್ನ. ಕಲಬುರಗಿಯ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದ ಹೆಂಡತಿ ಸರ್ರನೆ ಕೈ ಹಿಂದಕ್ಕೆ ಎಳೆದುಕೊಂಡಳು. ಮಾಳಿಗೆ ಮೇಲಿನ ಕರಿ ಟಾಕಿಯ ನೀರು. ಹೊರಗೆ 43 ಡಿಗ್ರಿ. "ಏನ್ರಿ, ಇದರಾಗ ತೊಗರಿಬ್ಯಾಳಿ ಹಾಕಿಬಿಟ್ರ ಗ್ಯಾಸ್ ಉಳೀತದ ನೋಡ್ರಿ" ಅಂದಳು. ನಗುತ್ತಾ ಅಂದಳೋ ಅಳುತ್ತಾ ಅಂದಳೋ ಗೊತ್ತಾಗಲಿಲ್ಲ. ಬೆವರಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಅವತ್ತೇ ತೀರ್ಮಾನವಾಯಿತು. ಈ ಮನೆ ಮಾರುವುದು. ಯಾವುದಾದರೂ ಗುಡ್ಡದ ಬುಡದ ಸಣ್ಣ ಊರಿನಲ್ಲಿ, ಗಾಳಿ ಬರುವ ಒಂದು ಮನೆ ತಗೊಳ್ಳುವುದು.

ನಾನು 33 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿ ನಿವೃತ್ತನಾದವನು. ಭಾರತದ ಗುಡ್ಡಗಳನ್ನೆಲ್ಲ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಹತ್ತಿದ್ದು ಕಡಿಮೆ. ನಮ್ಮ ಕಡೆ ಗುಡ್ಡ ಸುಲಭಕ್ಕೆ ಸಿಗುವ ಮಾಲೂ ಅಲ್ಲ. ಎತ್ತ ನೋಡಿದರೂ ಎರೆಹೊಲ, ತೊಗರಿ, ಜೋಳ. ಕಲಬುರಗಿಯಲ್ಲಿ ಎತ್ತರದ ಜಾಗ ಅಂದರೆ ರೈಲ್ವೆ ಓವರ್‌ಬ್ರಿಡ್ಜ್. ಹಾಗಾಗಿ ಒಬ್ಬ ಏಜೆಂಟನನ್ನು ಹಿಡಿದೆ. ಹೆಸರು ಬೇಡ, ಈಗಲೂ ನಮ್ಮ ಮನೆಗೆ ಚಹಾಕ್ಕೆ ಬರುತ್ತಾನೆ. ಅವನ ಹತ್ತಿರ ದೂರಕ್ಕೆ ಇದ್ದದ್ದು ಒಂದೇ ಅಳತೆ. ಬಸ್‌ಸ್ಟ್ಯಾಂಡ್ ಎಷ್ಟು ದೂರ? "ಐದ ಮಿನಿಟ್ ಸರ್." ದವಾಖಾನೆ? "ಐದ ಮಿನಿಟ್." ಗುಡ್ಡ? "ಕಣ್ಣ ಮುಂದನೇ ಸರ್. ನಡಕೋತ ಹೋದ್ರ ಐದ ಮಿನಿಟ್."

ಮೊದಲು ಕರೆದುಕೊಂಡು ಹೋದದ್ದು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಗೆ. ಅಲ್ಲಿಯ ಗುಡ್ಡಸಾಲು ರಸ್ತೆಯಿಂದ ನೋಡಿದರೆ ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ, ಎಲ್ಲ ಸ್ಪಷ್ಟ. "ಮಲಗಿದ ಬುದ್ಧ ದಿನಾ ಮುಂಜಾನೆ ಕಾಣ್ತಾನ ಸರ್, ಅದಕ್ಕ ಎರಡು ಲಕ್ಷ ಜಾಸ್ತಿ" ಅಂದ ಏಜೆಂಟ. ಬುದ್ಧನಿಗೆ ಎರಡು ಲಕ್ಷ ಹೆಚ್ಚೇನಲ್ಲ ಅಂತ ನಾನೂ ಅಂದುಕೊಂಡೆ. ಊರು ಸೇರಿ, ಮನೆಯ ಹಿತ್ತಲ ಬಾಗಿಲು ತೆಗೆದು ನೋಡಿದರೆ ಎದುರಿಗೆ ನಾಲ್ಕು ಬಂಡೆ, ಒಂದು ಜಾಲಿಗಿಡ, ಎರಡು ಆಡು.

"ಬುದ್ಧ ಎಲ್ಲಿ?" ಅಂತ ಕೇಳಿದೆ.

ಮನೆಯ ಯಜಮಾನರು ನನ್ನನ್ನು ಕನಿಕರದಿಂದ ನೋಡಿದರು. "ಅಂವಾ ರೋಡಿನ ಕಡಿಂದ ಕಾಣ್ತಾನ್ರಿ. ಇದು ಕಾಲಿನ ಕಡೆ. ಭಾಳ ಅಂದ್ರ ಇದು ಹೆಬ್ಬಟ್ಟು ಇರಬೌದು."

ಎರಡು ಲಕ್ಷಕ್ಕೆ ಹೆಬ್ಬೆಟ್ಟು. ಹೋಗಲಿ, ಗಾಳಿಯಾದರೂ ತಂಪಾಗಿರಬಹುದು ಅಂತ ಸಂಜೆವರೆಗೂ ಕುಳಿತೆವು. ಗ್ರಾನೈಟ್ ಬಂಡೆಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತವೆ. ಈ ಪಾಠವನ್ನು ನಾನೇ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ. ಏಳು ಗಂಟೆಗೆ ಗುಡ್ಡದ ಕಡೆಯಿಂದ ಬಂದ ಗಾಳಿ ರೊಟ್ಟಿ ಹಂಚಿನ ಮೇಲಿಂದ ಬಂದ ಹಾಗಿತ್ತು. ಹೆಂಡತಿ ಏನೂ ಅನ್ನಲಿಲ್ಲ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕಾರಿನಲ್ಲಿ ಹೋಗಿ ಕೂತಳು.

ಗುರುಮಠಕಲ್ ಕಡೆಯದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ನಜರಾಪುರದ ಹತ್ತಿರ ದಬದಬಿ ಜಲಪಾತವಿದೆ, "ನಿದ್ದಿ ಹತ್ತೋದೇ ಅದರ ಸಪ್ಪಳಕ್ಕ ಸರ್" ಅಂತ ಮೊಬೈಲಿನಲ್ಲಿ ವಿಡಿಯೋ ತೋರಿಸಿದ್ದ. ವಿಡಿಯೋ ಆಗಸ್ಟಿನದು. ನಾವು ಹೋದದ್ದು ಮೇ ಕೊನೆಗೆ. ದಬವೂ ಇಲ್ಲ, ದಬಿಯೂ ಇಲ್ಲ.

ಉಳಿದದ್ದು ಚಿಂಚೋಳಿ. ಕಲಬುರಗಿಯಿಂದ 80ಕ್ಕೂ ಹೆಚ್ಚು ಕಿಲೋಮೀಟರ್. ಅಲ್ಲಿಂದ ಮುಂದೆ ಕುಂಚಾವರಂ ಕಡೆ ಹೊರಟರೆ ಒಂದು ಮಜಾ ಆಗುತ್ತದೆ. ಕರಿ ಎರೆ ಮಣ್ಣು ಮುಗಿದು ಕೆಂಪು ಮಣ್ಣು ಶುರುವಾಗುತ್ತದೆ. ರಸ್ತೆ ಏರುತ್ತದೆ. ಗಿಡಗಳು ಒತ್ತೊತ್ತಾಗುತ್ತವೆ. 2011ರಲ್ಲಿ ಇಲ್ಲಿಯ ಸುಮಾರು 135 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿ ಧಾಮ ಮಾಡಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಇಂಥ ಕಾಡು ಇದೆ ಅಂದರೆ ಬೆಂಗಳೂರಿನ ನಮ್ಮ ಮಗನೇ ನಂಬುವುದಿಲ್ಲ. ನಾನು ಕಾರಿನ ಗಾಜು ಇಳಿಸಿ ಮಣ್ಣಿನ ಬಗ್ಗೆ ಪಾಠ ಶುರು ಮಾಡಿದೆ. ಹಿಂದಿನ ಸೀಟಿನಲ್ಲಿ ಹೆಂಡತಿ ನಿದ್ದೆ ಹೋದಳು. ನನ್ನ ಹಳೆಯ ವಿದ್ಯಾರ್ಥಿಗಳೂ ಹಾಗೇ.

ಇದೆಲ್ಲ ಎರಡನೇ ಸಲ ಹೋದಾಗಿನ ಮಾತು. ಮೊದಲ ಸಲ ನಾವು ಮನೆ ಇದ್ದ ಊರು ಮುಟ್ಟಲೇ ಇಲ್ಲ. ಚಿಂಚೋಳಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಏಜೆಂಟ "ಈ ಹೊಲದ ದಾರಿ ಹಿಡೀರಿ ಸರ್, ಐದ ಮಿನಿಟ್ ಉಳೀತದ" ಅಂದಿದ್ದ. ಹಿಂದಿನ ರಾತ್ರಿ ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಎರೆ ಮಣ್ಣು ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ ಅಂತ 33 ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ತೇವದ ಜೊತೆ ಕಾರನ್ನೂ ಹಿಡಿದಿಟ್ಟುಕೊಳ್ಳುತ್ತದೆ ಅಂತ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ತಳ್ಳಲು ಇಳಿದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿ ಮಣ್ಣಿನ ಪಾಲಾಯಿತು. ಬರಿಗಾಲಿಗೆ ಒಂದೊಂದು ಕಿಲೋ ಮಣ್ಣು ಮೆತ್ತಿ, ನಾನೇ ನಾಲ್ಕು ಬೆರಳು ಎತ್ತರವಾದೆ. ಒಬ್ಬ ರೈತ ಟ್ರ್ಯಾಕ್ಟರ್ ತಂದು ಎಳೆದ. ದುಡ್ಡು ತಗೊಳ್ಳಲಿಲ್ಲ. ಅದರ ಬದಲು "ಈ ದಾರ್ಯಾಗ ಎತ್ತೂ ಬರಂಗಿಲ್ಲ, ನೀವ್ ಹೆಂಗ್ ಬಂದ್ರಿ?" ಅಂತ ಕೇಳಿದ. ಸಾವಿರ ರೂಪಾಯಿ ಕೊಟ್ಟಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮುಂದಿನ ವಾರ ಡಾಂಬರು ದಾರಿ ಹಿಡಿದೇ ಹೋದೆವು. ಈ ಸಲ ಮನೆ ನಿಜಕ್ಕೂ ಚೆಂದಿತ್ತು. ದಪ್ಪ ಕೆಂಪು ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ ಪರಸಿ, ಅಂಗಳದಲ್ಲಿ ದೊಡ್ಡ ಹುಣಸೆಮರ. ಒಳಗೆ ಕಾಲಿಟ್ಟ ತಕ್ಷಣ ಅಂಗಾಲಿಗೆ ತಂಪು ಹತ್ತಿತು. ಹಿಂದೆ ಗುಡ್ಡ. ನಿಜವಾದ ಗುಡ್ಡ, ಹೆಬ್ಬೆಟ್ಟಲ್ಲ. ಅಷ್ಟರಲ್ಲಿ ನನ್ನ ಮೊಬೈಲ್ ಕುಂಯ್ ಅಂದಿತು. ತೆಲಂಗಾಣಕ್ಕೆ ಸ್ವಾಗತ ಅಂತ ಮೆಸೇಜು. ನಾನು ಕುಳಿತದ್ದು ಕರ್ನಾಟಕದ ಕಟ್ಟೆಯ ಮೇಲೆ. ಸಿಗ್ನಲ್ ಮಾತ್ರ ಗಡಿ ದಾಟಿತ್ತು. ಆ ಮನೆಯವರಿಗೆ ಇದು ಹೊಸದಲ್ಲ. "ಅಡಿಗಿ ಮನ್ಯಾಗ ಕರ್ನಾಟಕ ಬರ್ತದ್ರಿ, ಪಡಸಾಲ್ಯಾಗ ತೆಲಂಗಾಣ" ಅಂದರು. ಮಾತೂ ಹಾಗೇ. ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ತಿರುವಿ, ಪಕ್ಕದ ತಾಂಡಾದವರು ಬಂದರೆ ಲಂಬಾಣಿಯಲ್ಲಿ ಮುಗಿಯುತ್ತಿತ್ತು.

ನಾನು ಗುಡ್ಡ ನೋಡುತ್ತಿದ್ದೆ. ಹೆಂಡತಿ ಬೇರೆ ಲೆಕ್ಕದಲ್ಲಿದ್ದಳು. "ಗಿರಣಿ ಎಷ್ಟ್ ದೂರದ್ರಿ?" ಅಂತ ಕೇಳಿದಳು.

ಮನೆ ನೋಡಲು ಹೋಗುವ ಗಂಡಸರಿಗೆ ಈ ಪ್ರಶ್ನೆ ಏಳು ಜನ್ಮಕ್ಕೂ ಹೊಳೆಯುವುದಿಲ್ಲ. ದಿನಾ ಜೋಳದ ರೊಟ್ಟಿ ತಿನ್ನುವ ಮನೆಗೆ ಗುಡ್ಡಕ್ಕಿಂತ ಹಿಟ್ಟಿನ ಗಿರಣಿ ಮುಖ್ಯ. "ಐದ ಮಿನಿಟ್" ಅಂದ ಏಜೆಂಟ. ದೂರ ಖರೇನೇ ಐದು ನಿಮಿಷ. ಆದರೆ ಗಿರಣಿ ತಿರುಗುವುದು ತ್ರೀಫೇಸ್ ಕರೆಂಟ್ ಬಂದಾಗ. ಅದು ಯಾವಾಗ ಬರುತ್ತದೆ ಅಂತ ಕೇಳಿದರೆ ಎಲ್ಲರೂ ಗುಡ್ಡದ ಕಡೆ ನೋಡಿದರು.

ಆಮೇಲೆ ನೀರಿನ ಮಾತು ಬಂತು. ಇಲ್ಲಿ ನನಗೆ ಅವಕಾಶ ಸಿಕ್ಕಿತು. ಕೆಂಪು ಕಲ್ಲು ಸ್ಪಂಜಿನ ಹಾಗೆ, ಮಳೆ ನೀರು ಒಳಗೆ ಇಳಿಯುತ್ತದೆ, ಕೆಳಗಿನ ಕರಿಕಲ್ಲಿಗೆ ಬಂದು ನಿಲ್ಲುತ್ತದೆ, ಬೀದರಿನ ಕರೇಜ್ ಸುರಂಗಗಳಲ್ಲಿ ನೀರು ಹರಿಯುವುದು ಇದೇ ಗುಟ್ಟಿನಿಂದ, ಹಾಗಾಗಿ ಗುಡ್ಡದ ಬುಡದಲ್ಲಿ ನೀರಿಗೆ ಬರವಿಲ್ಲ ಅಂತ ವಿವರಿಸಿದೆ. ಹೊಸ್ತಿಲ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಮನೆಯ ಅಜ್ಜಿ ಪೂರ್ತಿ ಕೇಳಿದಳು. ನನ್ನ ಪಾಠವನ್ನು ಪೂರ್ತಿ ಕೇಳಿದ ಮೊದಲ ವ್ಯಕ್ತಿ. ಕೇಳಿ, ಮೂಲೆಯಲ್ಲಿ ಬೋರಲು ಹಾಕಿದ್ದ ಆರು ಖಾಲಿ ಕೊಡ ತೋರಿಸಿದಳು. "ತಮ್ಮಾ, ಅದು ಕಲ್ಲಿಗೆ ಗೊತ್ತದ. ಕೊಡಕ್ಕ ಗೊತ್ತಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ದನಿ ತಗ್ಗಿಸಿ ಹೆಂಡತಿಯನ್ನು ಕೇಳಿದಳು: "ಯವ್ವಾ, ಖರೇ ಹೇಳು. ಮಕ್ಕಳು ಮನಿಂದ ಹೊರಗ ಹಾಕ್ಯಾರೇನು?"

ಶಹರದವರು ತಾವಾಗೇ ಹಳ್ಳಿಗೆ ಬರುತ್ತಾರೆ ಅಂದರೆ ಅವಳಿಗೆ ನಂಬಿಕೆಯಿಲ್ಲ. ಅವಳು ಕಂಡದ್ದು ಹೋಗುವವರನ್ನು ಮಾತ್ರ. ಸುತ್ತಲ ತಾಂಡಾಗಳಲ್ಲಿ ಎಷ್ಟೋ ಮನೆಗೆ ಬೀಗ. ಜನ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿದ್ದಾರೆ. ಹೀಗೆ ಎಲ್ಲರೂ ಹೊರಡುವ ಊರಿಗೆ ಇಬ್ಬರು ಮುದುಕರು ಗಾಳಿ ಹುಡುಕಿಕೊಂಡು ಬಂದರೆ ಸಂಶಯ ಬರದೇ ಇರುತ್ತದೆಯೇ? ಮಗ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ ಅಂತ ಹೆಂಡತಿ ಹೇಳಿದಳು. ಅಜ್ಜಿ ಇನ್ನಷ್ಟು ಮರುಗಿದಳು.

ಕಾಗದಪತ್ರ ನೋಡಲು ನನ್ನ ಹೆಂಡತಿಯ ತಮ್ಮ ಬಂದ. ಅವನು ಮದುವೆಗೆ ಹೋದರೂ ಲಗ್ನಪತ್ರಿಕೆಯ ಸರ್ವೆ ನಂಬರ್ ನೋಡುವವನು. "ಭಾವಾ, ಕಾಗದ ಇಲ್ದ ಮನಿ ಅಂದ್ರ ಬರೇ ನೆರಳು" ಅಂದ. ಆ ಮಾತು ತೆಗೆದು ಹಾಕುವಂಥದ್ದಲ್ಲ. 2023ರ ಜನವರಿಯಲ್ಲಿ ಮಳಖೇಡದ ಸಮಾರಂಭದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರಲ್ಲ, ಅಲ್ಲಿಯವರೆಗೆ ಎಷ್ಟೋ ತಾಂಡಾಗಳ ಜನ ತಲೆಮಾರುಗಟ್ಟಲೆ ಕಾಗದವಿಲ್ಲದ ಮನೆಯಲ್ಲೇ ಬದುಕಿದ್ದರು. ಮೈದುನ ಪಂಚಾಯಿತಿಯ ಫಾರಂ 9, ಫಾರಂ 11, ಋಣಭಾರದ ಇಸಿ, ನಕ್ಷೆ ಅಂತ ಬೆರಳು ಮಡಚುತ್ತಾ ಹೋದ. ಕೊನೆಗೆ "ಮನಿ ಫಾರೆಸ್ಟ್ ಗಡಿ ಒಳಗ ಅದನೋ, ಹೊರಗ ಅದನೋ?" ಎಂದ.

"ಮನಿ ಹೊರಗೇ ಅದ್ರಿ" ಅಂದರು ಯಜಮಾನರು. ತುಸು ತಡೆದು, "ಕಕ್ಕಸ ಒಂದು ಗೇಣು ಒಳಗ ಹೋಗ್ಯಾದ."

ಹಾಗಾದರೆ ಹಳೆಯ ದಾಖಲೆ ತೋರಿಸಿ ಅಂದ ಮೈದುನ. ಅವರು ದೇವರ ಕೋಣೆಗೆ ಹೋಗಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದ ತಂದು ಹಣೆಗೆ ಒತ್ತಿಕೊಂಡು ಕೊಟ್ಟರು. ನಿಜಾಮರ ಕಾಲದ್ದು. ಉರ್ದುವಿನಲ್ಲಿತ್ತು. ಕೆಳಗೆ ಒಂದು ಮುದ್ರೆ. ಮೂರು ತಲೆಮಾರಿನಿಂದ ದಸರೆಗೆ ಅದಕ್ಕೆ ಪೂಜೆ. ಯಾರಿಗೂ ಓದಲು ಬರುತ್ತಿರಲಿಲ್ಲ. ಮೈದುನ ಅದನ್ನು ನೋಡಿ ಎದ್ದು ನಿಂತ. "ಇದು ಒಂದಿದ್ರ ಸಾಕು ಭಾವಾ. ಕಬ್ಬಿಣದಂಥ ಕಾಗದ."

ಫೋಟೋ ತೆಗೆದುಕೊಂಡು ಕಲಬುರಗಿಗೆ ಬಂದೆವು. ನಮ್ಮ ಶಾಲೆಯ ನಿವೃತ್ತ ಉರ್ದು ಮಾಸ್ತರರ ಮನೆಗೆ ಹೋದೆವು. ಅವರು ಕನ್ನಡಕ ಏರಿಸಿ, ಇಳಿಸಿ, ಎರಡು ಸಲ ಓದಿದರು. ನಾವು ಉಸಿರು ಬಿಗಿಹಿಡಿದು ಕೂತಿದ್ದೆವು. "ಒಂದು ಜೋಡಿ ಎತ್ತು ಖರೀದಿ ಮಾಡಿದ ರಸೀದಿ ಇದು" ಅಂದರು. "ಒಂದರ ಕೊಂಬು ಒಳಗೆ ಬಾಗಿದೆ ಅಂತ ಬರೆದಿದೆ. ದುಡ್ಡು ಪೂರ್ತಿ ಮುಟ್ಟಿದೆ."

ಪುಣ್ಯಕ್ಕೆ ಮನೆಯ ಈಗಿನ ಕಾಗದಗಳು ಸರಿಯಾಗಿದ್ದವು. ಎತ್ತಿನ ವಿಷಯ ಆ ಮನೆಯವರಿಗೆ ನಾವು ಹೇಳಲಿಲ್ಲ. ಪೂಜೆ ನಡೆಯಲಿ, ಎತ್ತಿಗೆ ಸಲ್ಲಬೇಕಾದದ್ದೇ ಅಲ್ವಾ?

ಇಷ್ಟು ಚೆಂದದ ಮನೆ ಯಾಕೆ ಮಾರುತ್ತಿದ್ದೀರಿ ಅಂತ ನಾನು ಕೇಳಿದ್ದು ಮಾತ್ರ ಕೊನೆಗೆ. ಇಬ್ಬರು ಮಕ್ಕಳು ಕಲಬುರಗಿಯಲ್ಲಿ ಪಿಯು ಓದಬೇಕು, ಹಾಸ್ಟೆಲಿಗೆ ಬಿಡಲು ಮನಸ್ಸಿಲ್ಲ, ಅಲ್ಲೇ ಒಂದು ಸಣ್ಣ ಮನೆ ಹುಡುಕುತ್ತಿದ್ದೇವೆ ಅಂದರು. ಏಜೆಂಟನ ಕಣ್ಣು ಒಮ್ಮೆ ನನ್ನ ಕಡೆ, ಒಮ್ಮೆ ಅವರ ಕಡೆ ಹೊರಳಿತು. ಅಂಥ ಬೆಳಕನ್ನು ನಾನು ಯಾವ ವಿದ್ಯಾರ್ಥಿಯ ಮುಖದಲ್ಲೂ ಕಂಡಿಲ್ಲ.

ಹೋದ ರವಿವಾರ ಅವರು ಕುಟುಂಬ ಸಮೇತ ನಮ್ಮ ಮನೆ ನೋಡಲು ಬಂದರು. ಅಜ್ಜಿಯೂ ಬಂದಿದ್ದಳು. ಹೆಂಡತಿ ಬೆಳಗ್ಗೆಯಿಂದ ಪರಸಿ ಒರೆಸಿ, ಸುಸಲಾ, ಮಿರ್ಚಿ ಮಾಡಿದ್ದಳು. ಕಾಲೇಜು ಎಷ್ಟು ದೂರ ಅಂತ ಯಜಮಾನರು ಕೇಳಿದರು.

"ಐದ ಮಿನಿಟ್" ಅಂದೆ. ಬಾಯಿಂದ ತಾನಾಗೇ ಬಂತು.

ನೀರು? "ದಿನಾ ಬರ್ತದ." ಎಷ್ಟು ಹೊತ್ತು ಬರುತ್ತದೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಜ್ಜಿ ಕಿಟಕಿಯಿಂದ ಎದುರು ಮನೆಯ ಗೋಡೆಯನ್ನು ಬಹಳ ಹೊತ್ತು ನೋಡಿ, "ಇದೇನು, ಗುಡ್ಡನಾ?" ಅಂದಳು. ಯಾರೂ ಉತ್ತರ ಕೊಡಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಕೈ ತೊಳೆಯಲು ನಲ್ಲಿ ತಿರುಗಿಸಿ, ಸರ್ರನೆ ಕೈ ಎಳೆದುಕೊಂಡರು. ನನ್ನ ಎದೆ ಧಸಕ್ಕೆಂದಿತು. ನನ್ನ ಹೆಂಡತಿ ಟವೆಲ್ ಕೊಡುತ್ತಾ, ಒಂದು ಚೂರೂ ಮುಖ ಬದಲಿಸದೆ ಹೇಳಿದಳು: "ಈ ಮನ್ಯಾಗ ಗೀಸರ್ ಖರ್ಚೇ ಇಲ್ರಿ ಅಕ್ಕಾವರ."

ಏಜೆಂಟ ಮೂಲೆಯಲ್ಲಿ ಚಹಾ ಬಸಿಗೆ ಸುರುವಿಕೊಂಡು ಕೂತಿದ್ದ. ಇನ್ನೊಂದು ಕೈಯಲ್ಲಿ ಮೊಬೈಲಿನ ಕ್ಯಾಲ್ಕುಲೇಟರ್. ಎರಡು ಮನೆ, ನಾಲ್ಕು ಕಡೆಯ ದಲಾಲಿ. ಕೂಡಿ, ಅಳಿಸಿ, ಮತ್ತೆ ಕೂಡುತ್ತಿದ್ದ.