ಕೀಲಿಮಣೆಗೂ ಒಟಿಪಿ ಬೇಕೆ?

ತಂಗಿಯ ಮಗ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿಂದ ಹೊಸ ಕೀಲಿಮಣೆ ತಂದಿದ್ದಾನೆ. ಕೀಲಿಗಳ ಅಡಿಯಲ್ಲೆಲ್ಲ ಬಣ್ಣಬಣ್ಣದ ದೀಪ, ಅಲ್ಲಿಯ ಲಾಲ್‌ಬಾಗಿನ ಗಣಪತಿ ಮಂಟಪದ ಹಾಗೆ. ಬೆಲೆ ಕೇಳಿದ ಮೇಲೆ ನೀರು ಕುಡಿದೆ. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಯಾರ ಉಪಯೋಗಕ್ಕೂ ಬಾರದ ಕ್ಯಾಪ್ಸ್ ಲಾಕ್ ಕೀಲಿ ಕಂಟ್ರೋಲ್ ಕೀಲಿಯಂತೆ ಕೆಲಸ ಮಾಡಬೇಕು. ಅದಕ್ಕೆ ಕಂಪನಿಯ ತಂತ್ರಾಂಶ ಇಳಿಸಿಕೊಳ್ಳಬೇಕಂತೆ. ಇಳಿಸಿಕೊಂಡ. ಖಾತೆ ತೆರೆ ಎಂದಿತು. ಇಮೇಲ್ ಕೊಟ್ಟ, ಒಟಿಪಿ ಬಂತು. ಹುಟ್ಟಿದ ದಿನಾಂಕ ಕೇಳಿತು, ಕೊಟ್ಟ. ಆಮೇಲೆ ನವೀಕರಣ ಶುರುವಾಯಿತು, ಅರ್ಧದಲ್ಲಿ ಇಂಟರ್‌ನೆಟ್ ಹೋಯಿತು. ಕ್ಯಾಪ್ಸ್ ಲಾಕ್ ಕ್ಯಾಪ್ಸ್ ಲಾಕ್ ಆಗಿಯೇ ಉಳಿಯಿತು. ಒಂದು ಕೀಲಿಯ ಹೆಸರು ಬದಲಿಸಲು ಹುಡುಗ ತನ್ನ ಜಾತಕ ಕೊಟ್ಟು ಕುಳಿತಿದ್ದಾನೆ!

ಅದೇ ಕೋಣೆಯ ಇನ್ನೊಂದು ಮೇಜಿನ ಮೇಲೆ ನನ್ನ ಎನಿಕೀ ಇತ್ತು. ಹೊಸದಾಗಿ ಸೇರಿದ ಸ್ನೇಹಿತರಿಗೆ ಹೇಳುತ್ತೇನೆ, ಹಳಬರು ಮುಂದಿನ ಪ್ಯಾರಾಕ್ಕೆ ಹೋಗಬಹುದು. 1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಗೇಟ್‌ವೇ 2000 ಕಂಪನಿ ತನ್ನ ಕಂಪ್ಯೂಟರುಗಳ ಜೊತೆ ಕೊಡುತ್ತಿದ್ದ ಕೀಲಿಮಣೆ ಇದು. ತಯಾರಿಸಿದ್ದು ಮ್ಯಾಕ್ಸಿ ಸ್ವಿಚ್. ಹಲಗೆಯಷ್ಟು ಅಗಲ. ಎಫ್ ಕೀಲಿಗಳು ಮೇಲೊಂದು ಸಾಲು, ಎಡಕ್ಕೆ ಇನ್ನೊಂದು ಗುಂಪು. ಬಾಣದ ಗುರುತಿನ ಕೀಲಿಗಳು ನಾಲ್ಕಲ್ಲ, ಮೂಲೆ ದಿಕ್ಕುಗಳೂ ಸೇರಿ ಎಂಟು. ಇದರ ಮೇಲೆಯೇ ‘ರೀಮ್ಯಾಪ್’, ‘ಪ್ರೋಗ್ರಾಂ ಮ್ಯಾಕ್ರೋ’, ‘ಸಸ್ಪೆಂಡ್ ಮ್ಯಾಕ್ರೋ’ ಎಂಬ ಕೀಲಿಗಳಿವೆ. ರೀಮ್ಯಾಪ್ ಎಂದರೆ ಒಂದು ಕೀಲಿಯ ಕೆಲಸವನ್ನು ಇನ್ನೊಂದಕ್ಕೆ ಕೊಡುವುದು, ಮ್ಯಾಕ್ರೋ ಎಂದರೆ ಒಂದೇ ಕೀಲಿಗೆ ಕಲಿಸಿಟ್ಟ ಒತ್ತುಗಳ ಸರಣಿ. ಪ್ರೋಗ್ರಾಂ ಮ್ಯಾಕ್ರೋ ಒತ್ತಿ, ದೀಪ ಮಿಣುಕುತ್ತದೆ. ಯಾವ ಕೀಲಿಗೆ ಕೆಲಸ ಕಲಿಸಬೇಕೋ ಅದನ್ನು ಒತ್ತಿ, ಕಲಿಸಬೇಕಾದ್ದನ್ನು ಬೆರಳಚ್ಚು ಮಾಡಿ, ಮತ್ತೆ ಪ್ರೋಗ್ರಾಂ ಮ್ಯಾಕ್ರೋ ಒತ್ತಿ. ಮುಗಿಯಿತು. ಕಲಿತದ್ದು ಕೀಲಿಮಣೆಯ ಒಳಗಿನ ಚಿಪ್ಪಿನಲ್ಲಿ ಕೂರುತ್ತದೆ. ವೈರು ಕಿತ್ತು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ ಮರೆಯುವುದಿಲ್ಲ. ಖಾತೆ ಇಲ್ಲ, ಒಟಿಪಿ ಇಲ್ಲ, ‘ನಿಮ್ಮ ಅನುಭವವನ್ನು ಉತ್ತಮಗೊಳಿಸಲು’ ಎಂಬ ಬೆಣ್ಣೆ ಮಾತೂ ಇಲ್ಲ.

ನನ್ನ ಕಸುಬು ನಿಮಗೆ ಗೊತ್ತೇ ಇದೆ. ಮುಂಬಯಿ ಪಕ್ಕದ ಡೊಂಬಿವಲಿಯ ಈ ಕೋಣೆಯಲ್ಲಿ ಕುಳಿತು ಉಡುಪಿ, ಕುಂದಾಪುರ, ಕಾರ್ಕಳದ ಪಾಲುಪಟ್ಟಿಗಳನ್ನು ಬೆರಳಚ್ಚು ಮಾಡುವುದು. ಮುಂಬಯಿಯಲ್ಲಿ ಹೋಟೆಲು ನಡೆಸಿದ ಅಪ್ಪಂದಿರು ಊರಿನಲ್ಲಿ ಬಿಟ್ಟುಹೋದ ಸೆಂಟ್ಸುಗಳಿಗೆ ಮಕ್ಕಳು ಹೊಡೆದಾಡುವವರೆಗೆ ನನ್ನ ಹೊಟ್ಟೆಗೆ ತೊಂದರೆಯಿಲ್ಲ. ಇಂಥ ಪತ್ರಗಳಲ್ಲಿ ಚಕ್ಕುಬಂದಿಯದೇ ರಾಜ್ಯ. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ತೋಡು, ಉತ್ತರಕ್ಕೆ ಸರಕಾರಿ ರಸ್ತೆ, ದಕ್ಷಿಣಕ್ಕೆ ಮತ್ತೊಂದು ಸರ್ವೆ ನಂಬರು. ಒಂದೊಂದು ತುಂಡು ಭೂಮಿಗೂ ಇದೇ ಮಂತ್ರ. ಎನಿಕೀಯ ಮೂಲೆ ಬಾಣಗಳು ನಾಲ್ಕೂ ಕೆಲಸವಿಲ್ಲದೆ ಕುಳಿತಿದ್ದವು. ಅವಕ್ಕೆ ನಾಲ್ಕು ದಿಕ್ಕುಗಳನ್ನು ಹಂಚಿಕೊಟ್ಟೆ. ಈಶಾನ್ಯದ ಬಾಣ ಒತ್ತಿದರೆ ‘ಪೂರ್ವಕ್ಕೆ’ ಎಂದು ಬೀಳುತ್ತದೆ. ವಾಸ್ತುವಿನವರು ದಯವಿಟ್ಟು ಕ್ಷಮಿಸಬೇಕು.

ಇಂಗ್ಲಿಷಿನವರಿಗೆಂದು ಮಾಡಿದ ಯಂತ್ರಕ್ಕೆ ಕನ್ನಡ ಹೇಗೆ ಬರುತ್ತದೆ ಎಂದು ಹಿಂದೊಮ್ಮೆ ಒಬ್ಬರು ಕೇಳಿದ್ದರು. ಅದಕ್ಕೆ ಕನ್ನಡ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಯಾವ ಕೀಲಿ ಒತ್ತಲಾಯಿತು, ಯಾವುದರಿಂದ ಬೆರಳು ಎತ್ತಲಾಯಿತು ಎಂಬ ಸಂಕೇತಗಳನ್ನಷ್ಟೇ ಅದು ಕಳಿಸುತ್ತದೆ. ಮುಂಬಯಿಯಲ್ಲಿ ವರ್ಷಗಟ್ಟಲೆ ದುಡಿದ ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಕೆ, ಎಫ್, ಎಕ್ಸ್ ಒತ್ತಿದರೆ ‘ಕ್ಷ’. ಆ ಮೂರು ಒತ್ತುಗಳನ್ನು ಎನಿಕೀ ತಾನೇ ಒತ್ತಿದಂತೆ ನಟಿಸುತ್ತದೆ, ಅಕ್ಷರ ಕಟ್ಟುವ ಕೆಲಸ ಕಂಪ್ಯೂಟರಿನಲ್ಲಿರುವ ‘ನುಡಿ’ ತಂತ್ರಾಂಶದ್ದು. ಲಿನಕ್ಸಿನಲ್ಲಿ ಅದೇ ಮಾದರಿಯ ಕಗಪ ವಿನ್ಯಾಸ ಇಟ್ಟುಕೊಂಡರೂ ಅದೇ ಮ್ಯಾಕ್ರೋ ನಡೆಯುತ್ತದೆ. ಮ್ಯಾಕ್ರೋ ಇದೆಯೆಂದು ಕಂಪ್ಯೂಟರಿಗೆ ತಿಳಿಯಬೇಕಾಗಿಲ್ಲ, ಕಂಪನಿಗಂತೂ ಬೇಡವೇ ಬೇಡ. ಈಗಿನ ಎಷ್ಟೋ ಕೀಲಿಮಣೆಗಳ ಒಳಗೂ ನೆನಪಿನ ಚಿಪ್ಪು ಇರುತ್ತದೆ, ಆದರೆ ಅದರಲ್ಲಿ ಬರೆಯಲು ಕಂಪನಿಯ ತಂತ್ರಾಂಶವೇ ಬೇಕು. ನಮ್ಮ ಮನೆ, ನಮ್ಮ ಕಪಾಟು, ಬೀಗದ ಕೈ ಮಾತ್ರ ಅವರ ಹತ್ತಿರ.

ಹುಡುಗ ಸುಮ್ಮನಿರಲಿಲ್ಲ. ಒಂದೊಂದು ತಂತ್ರಾಂಶಕ್ಕೂ ಬೇರೆಬೇರೆ ಮ್ಯಾಕ್ರೋ ಇಡಬಹುದು, ಮಾಮ. ಎಲ್ಲವೂ ಕ್ಲೌಡಿನಲ್ಲಿ ಭದ್ರ ಎಂದ. ಇಡಬಹುದು, ಒಪ್ಪಿದೆ. ಆದರೆ ನನ್ನ ಮ್ಯಾಕ್ರೋಗಳಲ್ಲಿ ಏನಿದೆ? ಕಕ್ಷಿದಾರರ ಮನೆತನದ ಹೆಸರುಗಳು, ಸರ್ವೆ ನಂಬರುಗಳು, ತೀರಿಕೊಂಡವರ ವಾರಸುದಾರರು. ಅಣ್ಣತಮ್ಮಂದಿರೇ ಒಬ್ಬರಿಗೊಬ್ಬರು ತೋರಿಸದ ಕಾಗದವನ್ನು ನಾನು ಯಾವುದೋ ದೇಶದ ಸರ್ವರಿಗೆ ಏಕೆ ತೋರಿಸಲಿ? ಕ್ಯುಎಂಕೆ ಎಂಬ ಮುಕ್ತ ತಂತ್ರಾಂಶ ಇದೆ, ಅದಕ್ಕೆ ಖಾತೆ ಬೇಡ ಎಂದು ಆಮೇಲೆ ಹೇಳಿದ. ಹೌದಪ್ಪ, ಅದು ಒಳ್ಳೆಯದೇ. ಅದೂ ಎಲ್ಲವನ್ನೂ ಕೀಲಿಮಣೆಯ ಒಳಗೇ ಇಡುತ್ತದೆ. ಹಾಗಾದರೆ ನಾನು ಹೇಳಿದ್ದೇನು?

ಎನಿಕೀಗೂ ರೋಗಗಳಿವೆ. ಗೊತ್ತಿಲ್ಲದವರು ರೀಮ್ಯಾಪ್ ಒತ್ತಿದರೆ ‘ಅ’ ಒತ್ತಿದಲ್ಲಿ ‘ಇ’ ಬರುತ್ತದೆ, ಪಕ್ಕದ ಮನೆಯ ಮಗು ಒಮ್ಮೆ ಇಡೀ ಕರಾವಳಿಯ ದಿಕ್ಕು ತಪ್ಪಿಸಿತ್ತು. ಕಂಟ್ರೋಲ್, ಆಲ್ಟ್ ಹಿಡಿದು ಸಸ್ಪೆಂಡ್ ಮ್ಯಾಕ್ರೋ ಒತ್ತಿದರೆ ಎಲ್ಲ ಅಳಿಸಿ ಮೊದಲಿನಂತಾಗುತ್ತದೆ, ಕಲಿಸಿದ್ದನ್ನೆಲ್ಲ ಮತ್ತೆ ಕಲಿಸಬೇಕು. ಒಂದು ಕೀಲಿಯಲ್ಲಿ ಉದ್ದದ ವಾಕ್ಯ ಹಿಡಿಯುವುದಿಲ್ಲ. ಯುಎಸ್‌ಬಿಗೆ ಜೋಡಿಸಲು ಮೌಸ್ ಜೊತೆ ಬರುತ್ತಿದ್ದ ಚಿಕ್ಕ ಪ್ಲಗ್ ಸಾಲದು, ಸಂಕೇತಗಳನ್ನು ಬದಲಿಸಿಕೊಡುವ ಚಿಪ್ಪು ಇರುವ ಪರಿವರ್ತಕವೇ ಬೇಕು. ಅಂಗಡಿಯವನಿಗೆ ಇದನ್ನು ತಿಳಿಸುವಷ್ಟರಲ್ಲಿ ಗಂಟಲು ಒಣಗುತ್ತದೆ.

ಇನ್ನೊಂದು ಮಾತು, ಮನೆಯಲ್ಲಿ ಯಾರಿಗೂ ಹೇಳದ್ದು. ಇದನ್ನು ನಾನು ಕೆಲಸಕ್ಕೆಂದು ಕೊಂಡದ್ದಲ್ಲ. ಅಂಧೇರಿಯ ಸೀಪ್ಜ್ ರಫ್ತು ವಲಯದ ಒಂದು ಕಚೇರಿಯಲ್ಲಿ ರಾತ್ರಿ ಪಾಳಿಯ ಡೇಟಾ ಎಂಟ್ರಿ ಮಾಡುತ್ತಿದ್ದಾಗ ಮೇಲ್ವಿಚಾರಕರ ಗಾಜಿನ ಕೋಣೆಯಲ್ಲಿ ಮಾತ್ರ ಇಂಥದ್ದೊಂದು ಇತ್ತು. ನಾವು ಒಂದೇ ಪಿನ್‌ಕೋಡನ್ನು ಬೆಳಗಿನವರೆಗೆ ಬೆರಳಿನಿಂದ ಕುಟ್ಟುತ್ತಿದ್ದೆವು, ಆತ ಒಂದು ಕೀಲಿ ಒತ್ತಿ ಚಹಾ ಕುಡಿಯುತ್ತಿದ್ದ. ಆ ಹೊಟ್ಟೆಕಿಚ್ಚು ಇಷ್ಟು ವರ್ಷ ಒಳಗೇ ಇತ್ತು. ಹಳೆಯ ಸಾಮಾನಿನ ರಾಶಿಯಲ್ಲಿ ಇದು ಕಂಡಾಗ ಚೌಕಾಸಿಯನ್ನೂ ಮಾಡಲಿಲ್ಲ. ಚಕ್ಕುಬಂದಿ, ಪಾಲುಪಟ್ಟಿ ಎಂಬ ಸಮರ್ಥನೆಗಳೆಲ್ಲ ಆಮೇಲೆ ಹುಟ್ಟಿದವು.

ಹಾಗೆಂದು ಒಟಿಪಿ ಕೇಳುವ ಕೀಲಿಮಣೆಯ ಮೇಲಿನ ಸಿಟ್ಟೇನೂ ಇಳಿದಿಲ್ಲ. ದುಡ್ಡು ಎಣಿಸಿ ಕೊಟ್ಟು ತಂದ ವಸ್ತು ನನ್ನನ್ನೇ ‘ನೀನು ಯಾರು’ ಎಂದು ಕೇಳುವುದೆಂದರೇನು?

ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ದಪ್ಪನೆಯ ಐದು ಕಡ್ಡಿಯ ಪ್ಲಗ್ ಇರುವ ಕೀಲಿಮಣೆ ಬಿದ್ದಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ನನಗೊಂದು ಮಾತು ತಿಳಿಸಿ. ಮೀರಾ ರೋಡಿನವರೆಗೆ ನಾನೇ ಬಂದು ಒಯ್ಯುತ್ತೇನೆ. ಇನ್ನೂ ದೂರದ ವಿರಾರ್ ಆದರೆ ಊಟ ಹಾಕಬೇಕಾಗುತ್ತದೆ.